ಬ್ರೇಕ್ ಕ್ಯೂಗೆ ಯಾವ ಟಿಪ್ ಹಾಕಿಸಬೇಕು?

ಪೂಲ್ ಹುಚ್ಚು ಹಿಡಿದವರು ಮೊದಲು ಸ್ವಂತಕ್ಕೆ ಒಂದು ಕ್ಯೂ (ಚೆಂಡು ಹೊಡೆಯುವ ಕೋಲು) ಕೊಳ್ಳುತ್ತಾರೆ. ಸ್ವಲ್ಪ ದಿನ ಹೋದಮೇಲೆ ಬ್ರೇಕ್‌ಗೇ, ಅಂದರೆ ಆಟದ ಮೊದಲ ಹೊಡೆತಕ್ಕೇ ಅಂತ ಇನ್ನೊಂದು ಬೇಕು ಅನ್ನಿಸುತ್ತದೆ. ಅಂಗಡಿಯಲ್ಲಿ ವಿಚಾರಿಸಿದರೆ ಬರುವ ಮೊದಲ ಮಾತು, ‘ಫಿನಾಲಿಕ್ ಟಿಪ್ ತಗೊಳ್ಳಿ ಸಾರ್, ಪವರ್ ಜಾಸ್ತಿ.’ ಟಿಪ್ ಅಂದರೆ ಚೆಂಡಿಗೆ ತಾಗುವ ಕ್ಯೂ ತುದಿಯ ಚೂರು, ಫಿನಾಲಿಕ್ ಅಂದರೆ ರೆಸಿನ್‌ನಿಂದ ಮಾಡಿದ ಗಟ್ಟಿ ವಸ್ತು. ಅವರ ಮಾತೇನೋ ನಿಜ. ಆದರೆ ಎಷ್ಟು ಜಾಸ್ತಿ, ಅದಕ್ಕೆ ಬದಲಾಗಿ ಏನು ಕಳೆದುಕೊಳ್ಳುತ್ತೀರಿ ಅನ್ನುವುದನ್ನು ಅಂಗಡಿಯವರು ಹೇಳುವುದು ಕಮ್ಮಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಎರಡು ಮೂರು ಸಲ ಪೂಲ್ ಪಾರ್ಲರ್‌ಗೆ ಹೋಗಿ ಆಡುವವರಿಗೆ ಗಟ್ಟಿ ಚರ್ಮದ ಲೇಯರ್ಡ್ (ಪದರ ಪದರದ) ಟಿಪ್ ಸಾಕು. ಒಂದೇ ಕ್ಯೂನಲ್ಲಿ ಬ್ರೇಕ್ ಮತ್ತು ಜಂಪ್ (ಚೆಂಡನ್ನು ಹಾರಿಸುವ ಹೊಡೆತ) ಎರಡನ್ನೂ ಹೊಡೆಯುವವರು, ಚೆಂಡಿನ ನಡುವಿಗೇ ಹೊಡೆಯುವುದು ಕೈಗೆ ಕೂತಿರುವವರು ಫಿನಾಲಿಕ್ ನೋಡಬಹುದು. ಯಾಕೆ ಅಂತ ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ಟಿಪ್ ಗಟ್ಟಿಯಾದರೆ ಏನಾಗುತ್ತದೆ?

ಟಿಪ್ ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಚರ್ಮ ಒತ್ತಿಕೊಂಡು ಮತ್ತೆ ಅರಳುತ್ತದೆ. ಒತ್ತಿಕೊಳ್ಳುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ಟಿಪ್ ಗಟ್ಟಿಯಿದ್ದಷ್ಟೂ ಈ ನಷ್ಟ ಕಮ್ಮಿ.

ಹಾಗಾದರೆ ಚರ್ಮ ಯಾಕೆ ಬೇಕಿತ್ತು? 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮ್ಯಾಂಗೋ ಎಂಬ ಸೈನ್ಯಾಧಿಕಾರಿ ಕ್ಯೂ ತುದಿಗೆ ಚರ್ಮ ಕಟ್ಟಿದ್ದೇ ಚೆಂಡನ್ನು ಹಿಡಿದು ಸ್ಪಿನ್ ಕೊಡುವುದಕ್ಕೆ. ಬ್ರೇಕ್‌ನಲ್ಲಿ ನಮಗೆ ಸ್ಪಿನ್ ಅಷ್ಟಾಗಿ ಬೇಕಿಲ್ಲ, ವೇಗ ಬೇಕು. ಅದಕ್ಕೇ ಬ್ರೇಕ್‌ಗೆ ಬೇರೆ ಟಿಪ್‌ನ ಮಾತು ಬರುವುದು.

ಈಗ ಲೆಕ್ಕ. ಎರಡು ವಸ್ತು ಡಿಕ್ಕಿಯಾದಾಗ ಎಷ್ಟು ಚೆನ್ನಾಗಿ ಪುಟಿಯುತ್ತವೆ ಅನ್ನುವುದಕ್ಕೆ 0ಯಿಂದ 1ರ ಒಳಗೆ ಒಂದು ಅಂಕಿ ಇರುತ್ತದೆ. ಮಾಮೂಲಿ ಚರ್ಮದ ಟಿಪ್‌ಗೆ ಅದು ಸುಮಾರು 0.73. ಫಿನಾಲಿಕ್‌ಗೆ ಸುಮಾರು 0.85. ಕ್ಯೂ ತೂಕ 540 ಗ್ರಾಂ, ಚೆಂಡು 170 ಗ್ರಾಂ ಅಂತ ಇಟ್ಟುಕೊಳ್ಳಿ. ನಿಮ್ಮ ಕೈ ಕ್ಯೂವನ್ನು ಗಂಟೆಗೆ 22 ಕಿ.ಮೀ. ವೇಗದಲ್ಲಿ ತಂದರೆ ಚರ್ಮದ ಟಿಪ್‌ನಿಂದ ಚೆಂಡು 29 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಫಿನಾಲಿಕ್‌ನಿಂದ 31 ಕಿ.ಮೀ. ಅಂದರೆ ನೂರಕ್ಕೆ 7ರಷ್ಟು ಹೆಚ್ಚು. ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ 14.

ಇದು ಸಣ್ಣ ಲಾಭವೇನಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. ಬ್ರೇಕ್‌ನಲ್ಲಿ ಕ್ಯೂ ಬಾಲ್ (ಕ್ಯೂನಿಂದ ಹೊಡೆಯುವ ಬಿಳಿ ಚೆಂಡು, ಅದನ್ನೇ ವೈಟ್ ಅನ್ನುವುದು) ಹೋಗಿ ಬಡಿಯುವುದು ರ‍್ಯಾಕ್‌ಗೆ, ಅಂದರೆ ಒತ್ತಾಗಿ ಜೋಡಿಸಿಟ್ಟ ಚೆಂಡುಗಳ ಗುಂಪಿಗೆ. ಕ್ಯೂ ಬಾಲ್ ರ‍್ಯಾಕ್‌ನ ಮೊದಲ ಚೆಂಡಿಗೆ ನಡುವಿಗೆ ಸರಿಯಾಗಿ ತಾಗದೆ 2 ಸೆಂ.ಮೀ. ಪಕ್ಕಕ್ಕೆ ತಾಗಿತು ಅನ್ನೋಣ. ಆಗ ರ‍್ಯಾಕ್‌ಗೆ ಹೋಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 12 ಕಮ್ಮಿಯಾಗುತ್ತದೆ. ಫಿನಾಲಿಕ್ ಕೊಟ್ಟ ಲಾಭ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. 9 ಅಡಿ ಟೇಬಲ್‌ನಲ್ಲಿ ಹೆಡ್ ಸ್ಪಾಟ್‌ನಿಂದ (ಬ್ರೇಕ್ ಹೊಡೆಯುವ ಕಡೆ ಟೇಬಲ್ ಮೇಲಿರುವ ಗುರುತು) ರ‍್ಯಾಕ್‌ವರೆಗೆ ಚೆಂಡು ಓಡುವುದು ಸುಮಾರು 1.2 ಮೀಟರ್. ಅಷ್ಟು ದೂರಕ್ಕೆ 2 ಸೆಂ.ಮೀ. ತಪ್ಪಬೇಕಾದರೆ ಗುರಿ 1 ಡಿಗ್ರಿಯಷ್ಟೂ ತಪ್ಪಬೇಕಾಗಿಲ್ಲ. ಸಾಲದ್ದಕ್ಕೆ ವೈಟ್ ತನ್ನ ವೇಗದ ಮೂರನೇ ಒಂದು ಭಾಗವನ್ನು ಇಟ್ಟುಕೊಂಡು ಪಕ್ಕಕ್ಕೆ ಓಡುತ್ತದೆ. ಬ್ರೇಕ್‌ನಲ್ಲಿ ವೈಟ್ ಪಾಕೆಟ್ ಆಗುವುದು ಬಹಳ ಸಲ ಹೀಗೇ.

ಹಾಗಾಗಿ ಟಿಪ್ ಆರಿಸುವಾಗ ‘ಯಾವುದರಲ್ಲಿ ಪವರ್ ಜಾಸ್ತಿ’ ಅಂತ ಕೇಳುವ ಮುಂಚೆ ‘ಯಾವುದರಲ್ಲಿ ನಾನು ಧೈರ್ಯವಾಗಿ ನೇರ ಹೊಡೆಯುತ್ತೇನೆ’ ಅಂತ ಕೇಳಿಕೊಳ್ಳಿ.

ಮೊದಲ ಹೆಜ್ಜೆ: ನಿಮ್ಮ ಬ್ರೇಕ್ ಹೇಗಿದೆ ನೋಡಿಕೊಳ್ಳಿ

ಸ್ನೇಹಿತರೊಬ್ಬರಿಗೆ ಫೋನ್ ಕೊಟ್ಟು ಪಕ್ಕದಿಂದ ಒಂದು, ಹಿಂದಿನಿಂದ ಒಂದು ವಿಡಿಯೊ ತೆಗೆಸಿ. ಎರಡು ವಿಷಯ ಗಮನಿಸಬೇಕು.

ಒಂದು, ಟಿಪ್ ಚೆಂಡಿಗೆ ಎಲ್ಲಿ ತಾಗುತ್ತಿದೆ. ಎರಡು, ಹೊಡೆದಾದ ಮೇಲೆ ವೈಟ್ ಎಲ್ಲಿ ನಿಲ್ಲುತ್ತಿದೆ. ಒಳ್ಳೆಯ ಬ್ರೇಕ್‌ನಲ್ಲಿ ಅದು ರ‍್ಯಾಕ್‌ಗೆ ತಾಗಿ ಒಂದು ಅಡಿ ಎರಡು ಅಡಿ ಹಿಂದಕ್ಕೆ ಬಂದು ಟೇಬಲ್ ನಡುವೆ ಎಲ್ಲೋ ನಿಲ್ಲುತ್ತದೆ. ಪ್ರತಿ ಸಲ ಬೇರೆ ಬೇರೆ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಓಡುತ್ತಿದ್ದರೆ ತೊಂದರೆ ಗುರಿಯಲ್ಲಿದೆ. ಹೊಸ ಟಿಪ್‌ಗೆ ಕೊಡುವ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಎಂಟು ಬಾಲ್ ಆಟದಲ್ಲಿ ಕೆಲವರು ಮುಂದಿನ ಚೆಂಡು ಬಿಟ್ಟು ಎರಡನೇ ಸಾಲಿನ ಚೆಂಡಿಗೆ ಪಕ್ಕದಿಂದ ಹೊಡೆಯುತ್ತಾರೆ. ಅಲ್ಲಿ ವೈಟ್ ಪಾಕೆಟ್‌ಗೆ ಬೀಳದಂತೆ ತಡೆಯಲು ಸ್ವಲ್ಪ ಸ್ಪಿನ್ ಬೇಕೇ ಬೇಕು. ನೀವು ಈ ಜಾತಿಯವರಾದರೆ ಚರ್ಮದ ಟಿಪ್‌ನಲ್ಲೇ ಇರಿ. ಚಾಕ್ (ಜಾರದಿರಲಿ ಅಂತ ಟಿಪ್‌ಗೆ ಹಚ್ಚುವ ಪುಡಿ) ಸರಿಯಾಗಿ ಹಚ್ಚಿದ ಚರ್ಮದ ಟಿಪ್ ಚೆಂಡಿನ ನಡುವಿನಿಂದ ಸುಮಾರು 14 ಮಿ.ಮೀ. ದೂರದವರೆಗೂ ಜಾರದೆ ಹಿಡಿಯುತ್ತದೆ. ಫಿನಾಲಿಕ್ ಮೇಲೆ ಚಾಕ್ ಸರಿಯಾಗಿ ಕೂರುವುದಿಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಜಾರುತ್ತದೆ. ಅಷ್ಟು ಜೋರಾಗಿ ಹೊಡೆಯುವಾಗ ಮಿಸ್‌ಕ್ಯೂ ಆದರೆ ಚೆಂಡು ಪಕ್ಕದ ಟೇಬಲ್‌ಗೆ ಹೋಗಿ ಇಳಿಯುತ್ತದೆ, ನೋಡಿರುತ್ತೀರಿ.

ಎರಡನೇ ಹೆಜ್ಜೆ: ಆಡುವ ಜಾಗದಲ್ಲಿ ಕೇಳಿ

ಇದನ್ನು ಯಾರೂ ಮಾಡುವುದಿಲ್ಲ. ಪೂಲ್ ಚೆಂಡುಗಳು, ಉದಾಹರಣೆಗೆ ಬೆಲ್ಜಿಯಂನಿಂದ ಬರುವ ಅರಾಮಿತ್ ಸೆಟ್‌ಗಳು, ಫಿನಾಲಿಕ್ ರೆಸಿನ್‌ನಿಂದಲೇ ಮಾಡಿದ್ದು. ಫಿನಾಲಿಕ್ ಟಿಪ್ ಅಂದರೆ ಚೆಂಡಿಗೆ ಚೆಂಡಿನಷ್ಟೇ ಗಟ್ಟಿ ವಸ್ತುವಿನಿಂದ ಹೊಡೆದ ಹಾಗೆ. ವೈಟ್ ಮೇಲೆ ಸಣ್ಣ ಸಣ್ಣ ಗುರುತು ಬೀಳುತ್ತವೆ. ಪಾರ್ಲರ್ ಮಾಲೀಕರಿಗೆ ಇದು ಹಿಡಿಸುವುದಿಲ್ಲ, ಕೆಲವು ಕಡೆ ಬೇಡ ಅಂತ ನೇರವಾಗಿ ಹೇಳುತ್ತಾರೆ. ಕೆಲವು ಟೂರ್ನಮೆಂಟ್‌ಗಳಲ್ಲೂ ಬ್ರೇಕ್‌ಗೆ ಫಿನಾಲಿಕ್ ಬಳಸಲು ಬಿಡುವುದಿಲ್ಲ. ಎಂಟ್ರಿ ಕಟ್ಟುವ ಮೊದಲೇ ಕೇಳಿಕೊಳ್ಳುವುದು ವಾಸಿ.

ವಿಶ್ವ ಪೂಲ್ ಸಂಸ್ಥೆಯಾದ ಡಬ್ಲ್ಯೂಪಿಎ ಸಲಕರಣೆ ನಿಯಮಗಳಲ್ಲಿ ಟಿಪ್ ಅಗಲ 14 ಮಿ.ಮೀ. ಮೀರುವಂತಿಲ್ಲ. ಚರ್ಮ ಅಥವಾ ನಾರಿನಂಥ, ಬಗ್ಗುವ ಗುಣದ ವಸ್ತುವಿನಿಂದ ಮಾಡಿರಬೇಕು. ಕ್ಯೂ ಉದ್ದ ಕನಿಷ್ಠ 40 ಇಂಚು, ತೂಕ ಹೆಚ್ಚೆಂದರೆ 25 ಔನ್ಸ್, ಅಂದರೆ ಸುಮಾರು 708 ಗ್ರಾಂ.

ಮೂರನೇ ಹೆಜ್ಜೆ: ಟಿಪ್ ಆರಿಸುವುದು

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಬಿಲಿಯರ್ಡ್ಸ್-ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿಯವರ ಊರಾದ ಬೆಂಗಳೂರಿನಲ್ಲಿ ಬಹಳ ಜನ ಪೂಲ್‌ಗೆ ಬರುವುದು ಸ್ನೂಕರ್ ದಾರಿಯಿಂದ. ಎರಡೂ ಟೇಬಲ್ ಒಂದೇ ಹಾಲ್‌ನಲ್ಲಿರುತ್ತವೆ, ಕೈಯಲ್ಲಿ ಸ್ನೂಕರ್ ಕ್ಯೂ ಇರುತ್ತದೆ, ಅದರಲ್ಲೇ ಬ್ರೇಕ್ ಹೊಡೆದುಬಿಡುತ್ತಾರೆ. ಸ್ನೂಕರ್ ಕ್ಯೂ ಟಿಪ್ 9ರಿಂದ 10 ಮಿ.ಮೀ. ಇರುತ್ತದೆ. ಅದನ್ನು ಮಾಡಿರುವುದು 52.5 ಮಿ.ಮೀ. ಅಗಲದ ಹಗುರ ಚೆಂಡಿಗೆ. ಪೂಲ್ ಚೆಂಡು 57 ಮಿ.ಮೀ., ತೂಕವೂ ಜಾಸ್ತಿ. ನಾಲ್ಕು ಬ್ರೇಕ್ ಹೊಡೆಯುವಷ್ಟರಲ್ಲಿ ಆ ಮೆತ್ತನೆ ಟಿಪ್ ಅಣಬೆ ಥರ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಆಮೇಲೆ ಸ್ನೂಕರ್‌ನಲ್ಲಿ ಸಣ್ಣ ಸ್ಕ್ರೂ ಶಾಟ್ (ವೈಟ್ ಹಿಂದಕ್ಕೆ ಬರುವಂತೆ ಹೊಡೆಯುವುದು) ಕೂಡ ಸರಿಯಾಗಿ ಬರುವುದಿಲ್ಲ. ಬ್ರೇಕ್ ಕ್ಯೂ ಇಲ್ಲದಿದ್ದರೆ ಪಾರ್ಲರ್‌ನ ಗೋಡೆಗೆ ಒರಗಿಸಿರುವ ಹೌಸ್ ಕ್ಯೂಗಳಲ್ಲೇ ನೇರವಾಗಿರುವ ಒಂದನ್ನು ತೆಗೆದುಕೊಳ್ಳಿ. ಎಷ್ಟೋ ಸಲ ಅದರ ಟಿಪ್ ಹೊಡೆತ ತಿಂದು ತಿಂದು ಕಲ್ಲಿನ ಹಾಗಾಗಿರುತ್ತದೆ. ಬ್ರೇಕ್‌ಗೆ ಅದೇ ಬೇಕು.

ಈಗ ಟಿಪ್‌ಗಳ ವಿಷಯ.

ಎಲ್ಕ್ ಮಾಸ್ಟರ್‌ನಂಥ ಮೆತ್ತನೆಯ ಟಿಪ್ ಬ್ರೇಕ್‌ಗೆ ಬೇಡ. ಇಲ್ಲಿಗೆ ಆ ಮಾತು ಮುಗಿಯಿತು.

ಒಂದೇ ತುಂಡು ಚರ್ಮವನ್ನು ಒತ್ತಿ ಮಾಡಿದ ಗಟ್ಟಿ ಟಿಪ್‌ಗಳು ಅಗ್ಗ. ತೊಂದರೆ ಏನೆಂದರೆ ಒಂದೇ ಡಬ್ಬಿಯ ಎರಡು ಟಿಪ್ ಒಂದೇ ಥರ ಇರುವುದಿಲ್ಲ. ಒಂದು ಗಟ್ಟಿ, ಇನ್ನೊಂದು ಅದಕ್ಕಿಂತ ಮೆತ್ತಗೆ. ಡಬ್ಬಿಯಲ್ಲಿರುವುದನ್ನೆಲ್ಲ ಸುರಿದು ಒಂದೊಂದನ್ನೇ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳದೇ ಇರುವುದನ್ನು ಬ್ರೇಕ್‌ಗೆ ಎತ್ತಿಕೊಳ್ಳಿ. ಬಜೆಟ್ ಕಮ್ಮಿ ಇದ್ದವರಿಗೆ ಇದೇ ಸರಿಯಾದ ದಾರಿ.

ಲೇಯರ್ಡ್ ಟಿಪ್ ಅಂದರೆ ತೆಳು ಚರ್ಮದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು. ಇವುಗಳಲ್ಲಿ ‘ಹಾರ್ಡ್’ ಅಂತ ಬರೆದಿರುವುದನ್ನು ತೆಗೆದುಕೊಳ್ಳಬಹುದು. ಇಲ್ಲವಾದರೆ ಟೈಗರ್ ಕಂಪನಿಯ ಜಂಪ್-ಬ್ರೇಕ್ ಟಿಪ್ ಥರ ಬ್ರೇಕ್‌ಗೇ ಅಂತ ಮಾಡಿದವೂ ಸಿಗುತ್ತವೆ. ಇವು ಬೇಗ ಹರಡಿಕೊಳ್ಳುವುದಿಲ್ಲ, ಚಾಕ್ ಹಿಡಿಯುತ್ತವೆ. ವೇಗದಲ್ಲಿ ಮಾಮೂಲಿ ಚರ್ಮಕ್ಕಿಂತ ಮೇಲೆ, ಫಿನಾಲಿಕ್‌ಗಿಂತ ಸ್ವಲ್ಪ ಕೆಳಗೆ. ಯಾವ ಪಾರ್ಲರ್‌ನಲ್ಲೂ ಯಾರೂ ಆಕ್ಷೇಪ ಎತ್ತುವುದಿಲ್ಲ. ನಾನು ಯಾರಿಗಾದರೂ ಹೇಳುವುದಾದರೆ ಇದನ್ನೇ ಹೇಳುವುದು.

ಫಿನಾಲಿಕ್ ಅಂದರೆ ಬಟ್ಟೆ ಅಥವಾ ಕಾಗದದ ಪದರಗಳನ್ನು ರೆಸಿನ್‌ನಲ್ಲಿ ನೆನೆಸಿ, ಬಿಸಿ ಮಾಡಿ ಒತ್ತಿದ ಹಲಗೆಯಿಂದ ಕತ್ತರಿಸಿದ್ದು. ಬ್ರೇಕ್ ಶಬ್ದವೇ ಬೇರೆ, ‘ಟಕ್’ ಅಂತ ಇಡೀ ಹಾಲ್‌ಗೆ ಕೇಳುತ್ತದೆ. ಅರ್ಧ ಜನ ಆ ಶಬ್ದಕ್ಕೇ ಮರುಳಾಗಿ ಕೊಳ್ಳುತ್ತಾರೆ ಅಂತ ನನ್ನ ಗುಮಾನಿ. ಇದರ ನಿಜವಾದ ಉಪಯೋಗ ಜಂಪ್ ಶಾಟ್‌ನಲ್ಲಿದೆ. ಟಿಪ್ ಚೆಂಡನ್ನು ತಾಗಿ ಬೇಗ ಬಿಟ್ಟಷ್ಟೂ ಚೆಂಡು ಸುಲಭವಾಗಿ ಎದ್ದು ಹಾರುತ್ತದೆ. ಬ್ರೇಕ್ ಕ್ಯೂ ಬಿಚ್ಚಿ ಮುಂದಿನ ಭಾಗದಿಂದ ಜಂಪ್ ಹೊಡೆಯುವವರಿಗೆ ಫಿನಾಲಿಕ್‌ನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಗುತ್ತದೆ.

ಜಿ-10 ಅಂತ ಇನ್ನೊಂದಿದೆ. ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಸೇರಿಸಿ ಮಾಡಿದ್ದು. ಇದನ್ನು ಉಜ್ಜುವಾಗ ಬರುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಇಲ್ಲದೆ ಸುಮ್ನೆ ಮನೆಯಲ್ಲಿ ಕೂತು ಉಜ್ಜಬೇಡಿ.

ನಾಲ್ಕನೇ ಹೆಜ್ಜೆ: ಅಗಲ ಮತ್ತು ಉಬ್ಬು

ಬ್ರೇಕ್ ಕ್ಯೂಗಳಲ್ಲಿ ಸಾಮಾನ್ಯವಾಗಿ 12.75ರಿಂದ 13 ಮಿ.ಮೀ. ಟಿಪ್ ಇರುತ್ತದೆ. ನಿಮ್ಮ ಕ್ಯೂನ ಫೆರುಲ್ (ಟಿಪ್ ಕೂರುವ, ತುದಿಯ ಬಳೆಯಂಥ ಭಾಗ) ಎಷ್ಟಿದೆಯೋ ಅದಕ್ಕಿಂತ ಸ್ವಲ್ಪ ದೊಡ್ಡದು ತಂದು ಸವರಿಸಿಕೊಳ್ಳಬೇಕು. 14 ಮಿ.ಮೀ. ಟಿಪ್ ತಂದರೆ ಸರಿಹೋಗುತ್ತದೆ. ಚಿಕ್ಕದು ತಂದರೆ ಫೆರುಲ್ ಅಂಚು ಹೊರಗೆ ಕಾಣುತ್ತದೆ, ಒಂದು ದಿನ ಅದೇ ಅಂಚು ಒಡೆಯುತ್ತದೆ.

ಟಿಪ್ ಮುಖದ ಉಬ್ಬಿನ ವಿಷಯಕ್ಕೆ ಬಂದರೆ, ಅಮೆರಿಕದವರು ತಮ್ಮ ಡೈಮ್, ನಿಕಲ್ ನಾಣ್ಯಗಳ ವಕ್ರವನ್ನು ಅಳತೆಗೆ ಇಟ್ಟುಕೊಂಡಿದ್ದಾರೆ. ಡೈಮ್ ಸುಮಾರು 18 ಮಿ.ಮೀ. ಅಗಲ, ನಿಕಲ್ ಸುಮಾರು 21. ನಮ್ಮ ಜೇಬಿನಲ್ಲಿರುವ 1 ರೂಪಾಯಿ ನಾಣ್ಯ ನಿಕಲ್‌ಗೆ ಹತ್ತಿರ. ಹಳೆ ಸರಣಿಯದು 22 ಮಿ.ಮೀ. ಇದೆ, ಹೊಸದು 20. ಆಡುವ ಕ್ಯೂಗೆ ಡೈಮ್‌ನಷ್ಟು ಉಬ್ಬು ಇಷ್ಟಪಡುವವರು ಬಹಳ ಜನ. ಬ್ರೇಕ್‌ಗೆ ಅಷ್ಟು ಬೇಡ. 1 ರೂಪಾಯಿ ನಾಣ್ಯವನ್ನು ಟಿಪ್ ಪಕ್ಕ ನಿಲ್ಲಿಸಿ, ಬೆಳಕಿನ ಎದುರು ಹಿಡಿದು ನೋಡಿ. ಎರಡರ ಅಂಚು ಒಂದೇ ಗೆರೆಯಲ್ಲಿ ಕೂತರೆ ಸಾಕು. ಇನ್ನೂ ಚಪ್ಪಟೆ ಬೇಕು ಅನ್ನುವವರು 2 ರೂಪಾಯಿ ನಾಣ್ಯಕ್ಕೆ ಹೊಂದಿಸಿಕೊಳ್ಳಬಹುದು. ಪೂರ್ತಿ ಚಪ್ಪಟೆ ಮಾತ್ರ ಮಾಡಿಸಬೇಡಿ. ಕ್ಯೂ ಸ್ವಲ್ಪ ಓರೆಯಾದರೂ ಟಿಪ್‌ನ ಅಂಚು ಚೆಂಡಿಗೆ ತಾಗುತ್ತದೆ. ಫಿನಾಲಿಕ್‌ನಲ್ಲಿ ಹಾಗಾದರೆ ಟಿಪ್‌ನ ಅಂಚು ಚೂರು ಎದ್ದುಬರುತ್ತದೆ, ಚೆಂಡಿಗೂ ಪೆಟ್ಟು.

ಐದನೇ ಹೆಜ್ಜೆ: ಹಾಕಿಸುವುದು

ಹಳೆಯ ಕ್ಲಬ್‌ಗಳಲ್ಲಿ ಟಿಪ್ ಕೂರಿಸುವ ಕೆಲಸ ಮಾರ್ಕರ್‌ಗಳದು, ಅಂದರೆ ಟೇಬಲ್ ನೋಡಿಕೊಳ್ಳುವ ಕೆಲಸಗಾರರದು. ಚರ್ಮದ ಟಿಪ್ ಆದರೆ ಅನುಭವಸ್ಥ ಮಾರ್ಕರ್ ಕೈಯಲ್ಲೇ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಹಳೆ ಟಿಪ್ ಕಿತ್ತು, ಫೆರುಲ್ ಮೇಲಿನ ಅಂಟು ಬ್ಲೇಡಿನಿಂದ ಕೆರೆದು, ಮುಖವನ್ನು ಸ್ಯಾಂಡ್‌ಪೇಪರ್ ಮೇಲೆ ಸಮ ಮಾಡಿ, ಟಿಪ್‌ನ ತಳವನ್ನೂ ಉಜ್ಜಿ, ಸೂಪರ್ ಗ್ಲೂ ಹಾಕಿ ಒತ್ತಿ ಹಿಡಿಯುತ್ತಾರೆ. ನೀವು ನೋಡಬೇಕಾದ್ದು ಇಷ್ಟೇ: ಅಂಟು ಹಾಕುವ ಮೊದಲು ಟಿಪ್ಪನ್ನು ಫೆರುಲ್ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಕಂಡರೆ ಇನ್ನೊಂದು ಸಲ ಉಜ್ಜಲು ಹೇಳಿ. ಬ್ರೇಕ್‌ನ ಹೊಡೆತಕ್ಕೆ ಟಿಪ್ ಹಾರಿಹೋಗುವುದು ಬಹಳ ಸಲ ಈ ಸಂದಿನಿಂದಲೇ.

ಫಿನಾಲಿಕ್ ಟಿಪ್ಪನ್ನು ಲೇತ್ ಇರುವ ಕಡೆ ಕೊಡಿ. ಚಾಕುವಿನಿಂದ ಅಂಚು ಸವರಲು ಬರುವುದಿಲ್ಲ. ತಳವನ್ನು ದೊರಗು ಸ್ಯಾಂಡ್‌ಪೇಪರ್‌ನಿಂದ ಚೆನ್ನಾಗಿ ಗೀರಿ ಎಪಾಕ್ಸಿ ಹಾಕಿದರೆ ಒಂದು ರಾತ್ರಿ ಹಾಗೇ ಬಿಡಬೇಕು. ಅದಕ್ಕಿಂತ ಮುಖ್ಯ, ಫೆರುಲ್ ಯಾವುದರದ್ದು ಅಂತ ಕೇಳಿ. ಚರ್ಮ ಹೊಡೆತವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ, ಫಿನಾಲಿಕ್ ನುಂಗುವುದಿಲ್ಲ. ಅಷ್ಟೂ ಫೆರುಲ್‌ಗೆ ಹೋಗುತ್ತದೆ. ಅಗ್ಗದ ಕ್ಯೂಗಳ ಪ್ಲಾಸ್ಟಿಕ್ ಫೆರುಲ್ ಅದನ್ನು ತಡೆಯದೆ ಬಿರುಕು ಬಿಡುತ್ತದೆ. ಇದಕ್ಕೇ ಕೆಲವು ಬ್ರೇಕ್ ಕ್ಯೂಗಳಲ್ಲಿ ಫೆರುಲ್ ಮತ್ತು ಟಿಪ್ ಎರಡೂ ಒಂದೇ ಫಿನಾಲಿಕ್ ತುಂಡಿನಲ್ಲಿ ಬರುತ್ತವೆ.

ಆರನೇ ಹೆಜ್ಜೆ: ಫೋನಿನಲ್ಲಿ ಅಳೆಯಿರಿ

‘ಹೊಸ ಟಿಪ್ ಹಾಕಿದ ಮೇಲೆ ಬ್ರೇಕ್ ಏನ್ ಜೋರಾಗಿದೆ ಗೊತ್ತಾ’ ಅಂತ ಎಲ್ಲರೂ ಹೇಳುತ್ತಾರೆ. ಅಳೆದು ನೋಡಿದವರು ಕಮ್ಮಿ. ಅಳೆಯುವುದು ಕಷ್ಟವೂ ಅಲ್ಲ.

ಕ್ಯೂ ಬಾಲ್ ಅನ್ನು ಹೆಡ್ ಸ್ಪಾಟ್ ಮೇಲಿಟ್ಟು ನೇರ ಹೊಡೆಯಿರಿ. ಫೋನನ್ನು ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋ ಮೋಷನ್‌ಗೆ ಹಾಕಿ, ಟೇಬಲ್ ಪಕ್ಕ ಅಲ್ಲಾಡದಂತೆ ನಿಲ್ಲಿಸಿ. ವೈಟೂ ಕಾಣಬೇಕು, ರ‍್ಯಾಕೂ ಕಾಣಬೇಕು. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ, ಟಿಪ್ ಚೆಂಡಿಗೆ ತಾಗಿದ ಫ್ರೇಮ್‌ನಿಂದ ಚೆಂಡು ರ‍್ಯಾಕ್‌ಗೆ ತಾಗಿದ ಫ್ರೇಮ್‌ವರೆಗೆ ಎಣಿಸಿ. 9 ಅಡಿ ಟೇಬಲ್‌ನಲ್ಲಿ 36 ಫ್ರೇಮ್ ಬಂದರೆ ನಿಮ್ಮ ಬ್ರೇಕ್ ಗಂಟೆಗೆ ಸುಮಾರು 29 ಕಿ.ಮೀ. 34 ಬಂದರೆ 31 ಕಿ.ಮೀ. ಸಣ್ಣ ಟೇಬಲ್ ಆದರೆ ದೂರವನ್ನು ಟೇಪಿನಿಂದ ಅಳೆದು ಲೆಕ್ಕ ಹಾಕಿಕೊಳ್ಳಬೇಕು, ಫ್ರೇಮ್‌ಗಳು ಇನ್ನೂ ಕಮ್ಮಿ ಬರುತ್ತವೆ.

ಗಮನಿಸಿದಿರಾ? ಚರ್ಮಕ್ಕೂ ಫಿನಾಲಿಕ್‌ಗೂ ಇರುವ ಅಂತರ ಈ ಲೆಕ್ಕದಲ್ಲಿ ಎರಡು ಫ್ರೇಮ್. ಅದೇ ಟಿಪ್‌ನಲ್ಲಿ ನಿಮ್ಮದೇ ಎರಡು ಬ್ರೇಕ್‌ಗಳ ನಡುವೆ ಎರಡು ಮೂರು ಫ್ರೇಮ್ ವ್ಯತ್ಯಾಸ ಬರಬಹುದು. ಆದ್ದರಿಂದ ಒಂದು ಸಲ ಹೊಡೆದು ತೀರ್ಮಾನಕ್ಕೆ ಬರಬೇಡಿ. ಪ್ರತಿ ಟಿಪ್‌ನಲ್ಲೂ ಹತ್ತು ಸಲ ಹೊಡೆದು ಸರಾಸರಿ ತೆಗೆಯಿರಿ. ಜೊತೆಗೆ ಇನ್ನೊಂದು ಕಾಲಂ ಇಟ್ಟು ವೈಟ್ ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ: ಟೇಬಲ್ ನಡುವೆ, ಕುಶನ್ ಹತ್ತಿರ, ಪಾಕೆಟ್‌ನಲ್ಲಿ. ಫಿನಾಲಿಕ್‌ನಲ್ಲಿ ಎರಡು ಫ್ರೇಮ್ ಉಳಿದು, ವೈಟ್ ಮೂರು ಸಲ ಪಾಕೆಟ್‌ಗೆ ಹೋಗಿದ್ದರೆ ಯಾವ ಟಿಪ್ ನಿಮ್ಮದು ಅಂತ ಆ ಹಾಳೆಯೇ ಹೇಳುತ್ತದೆ.

ಹಾಕಿಸಿದ ಮೇಲೆ

ಫಿನಾಲಿಕ್ ಮುಖ ಹೊಡೆಯುತ್ತಾ ಹೊಡೆಯುತ್ತಾ ನುಣುಪಾಗುತ್ತದೆ. ಹೊಳಪು ಕಂಡ ಕೂಡಲೇ 150 ನಂಬರ್ ಸ್ಯಾಂಡ್‌ಪೇಪರ್‌ನಿಂದ ಎರಡು ಸುತ್ತು ಹಗುರವಾಗಿ ಉಜ್ಜಿ. ಚಾಕ್ ಪ್ರತಿ ಬ್ರೇಕ್‌ಗೂ ಹಚ್ಚಲೇಬೇಕು, ಅದೂ ಟಿಪ್ ತಿರುಗಿಸಿ ನೋಡುತ್ತಾ. ಚಾಕ್ ಅಂಟಿಲ್ಲದ ಜಾಗ ಫಿನಾಲಿಕ್ ಮೇಲೆ ಹೊಳೆಯುತ್ತಾ ಕಾಣುತ್ತದೆ.

ಚರ್ಮದ ಟಿಪ್‌ಗೆ ಆರೈಕೆ ಕಮ್ಮಿ. ಅಂಚು ಹರಡಿಕೊಂಡಿದ್ದರೆ ಸವರಿಸಿ, ಒದ್ದೆ ಬೆರಳಲ್ಲಿ ಅಂಚು ತೇವ ಮಾಡಿ ಹಳೆ ನೋಟಿನಿಂದಲೋ ಚರ್ಮದ ತುಂಡಿನಿಂದಲೋ ಗಟ್ಟಿಯಾಗಿ ಉಜ್ಜಿ. ಬದಿ ಹೊಳಪಾಗಿ ಬಿಗಿಯಾದರೆ ಬೇಗ ಹರಡುವುದಿಲ್ಲ. ಬ್ರೇಕ್ ಹೊಡೆದಾಗ ಶಬ್ದ ಇದ್ದಕ್ಕಿದ್ದಂತೆ ಮಂಕಾಗಿ ಕೇಳಿಸಿದರೆ ಆಟ ನಿಲ್ಲಿಸಿ ಟಿಪ್ಪನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ. ಅಂಟು ಬಿಟ್ಟಿರಬಹುದು, ಲೇಯರ್ ಎದ್ದಿರಬಹುದು, ಫೆರುಲ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಮೊದಲೆರಡಕ್ಕೆ ಹೊಸ ಟಿಪ್ ಸಾಕು. ಮೂರನೆಯದಾದರೆ ಹೊಸ ಫೆರುಲ್ ಹಾಕಿಸುವ ತನಕ ಆ ಕ್ಯೂನಲ್ಲಿ ಬ್ರೇಕ್ ಹೊಡೆಯಬೇಡಿ, ಬಿರುಕು ಶಾಫ್ಟ್‌ನ ಮರಕ್ಕೆ ಇಳಿದರೆ ಖರ್ಚು ಇನ್ನೂ ದೊಡ್ಡದು.